ಅವ್ವನ ಬಾಯಿ ಕಟ್ಟಿಸಿದ ಪ್ರೊಫೆಸರು

ನನ್ನ ಅವ್ವನ ಬಾಯಿ ದೊಡ್ಡದು. ಧಾರವಾಡದಲ್ಲಿ ಅವಳದೊಂದು ಖಾನಾವಳಿ ಇತ್ತು. ಕಾಲೇಜು ಹುಡುಗರು ಅಲ್ಲಿಗೆ ಜೋಳದ ರೊಟ್ಟಿಗಾಗಿ ಬರುತ್ತಿದ್ದರೋ ಅವ್ವನ ಮಾತಿಗಾಗಿ ಬರುತ್ತಿದ್ದರೋ ಹೇಳುವುದು ಕಷ್ಟ. ರೊಟ್ಟಿ ಬಡಿಯುವ ಕೈ ನಿಂತರೂ ನಾಲಿಗೆ ನಿಲ್ಲುತ್ತಿರಲಿಲ್ಲ. ಪರೀಕ್ಷೆಯಲ್ಲಿ ಫೇಲಾದವನಿಗೆ ಬೈಗುಳ, ಪ್ರೀತಿಯಲ್ಲಿ ಫೇಲಾದವನಿಗೆ ಇನ್ನೂ ಎರಡು ಬೈಗುಳ ಜಾಸ್ತಿ, ಇಬ್ಬರ ತಾಟಿಗೂ ಕೇಳದೆಯೇ ಬೆಣ್ಣೆ. ಅಂಥ ಹೆಂಗಸನ್ನು ನಾನು ಲಂಡನ್ನಿಗೆ ಕರೆಸಿಕೊಂಡೆ. ಅಲ್ಲಿ ಒಬ್ಬ ದೊಡ್ಡ ಮನುಷ್ಯ ಅವಳ ಬಾಯಿ ಮುಚ್ಚಿಸಿದ. ಮುಂದೆ ಆ ದೊಡ್ಡ ಮನುಷ್ಯನಿಗೆ ಸನ್ಮಾನ ನಡೆದಾಗ ನಾನು ಮೊದಲನೇ ಸಾಲಿನಲ್ಲಿ ಕುಳಿತಿದ್ದೆ. ಆ ಸಿಟ್ಟು ಇನ್ನೂ ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾವು ಆಗ ವೆಂಬ್ಲಿಯ ಒಂದು ಫ್ಲಾಟಿನಲ್ಲಿದ್ದೆವು. ಲಿಫ್ಟ್ ವಾರದಲ್ಲಿ ಒಂದೆರಡು ದಿನ ಕೆಲಸ ಮಾಡುತ್ತಿತ್ತು. ನನ್ನ ಗಂಡನಿಗೆ ಪಾರ್ಕ್ ರಾಯಲ್‌ನ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ. ನಾನು ಲೈಬ್ರರಿ ಕೆಲಸಕ್ಕೆ ಸೇರಿದ್ದು ಆಗ ತಾನೇ. ಮಗಳನ್ನು ನೋಡಿಕೊಳ್ಳಲು ಅವ್ವ ಬಂದಳು, ಖಾನಾವಳಿಯನ್ನು ಅಣ್ಣ ಅತ್ತಿಗೆಯ ಕೈಗೆ ಕೊಟ್ಟು. ಮಗಳಿಗೆ ಮೂರು ತುಂಬಿತ್ತು. ನಗುತ್ತಿದ್ದಳು, ಓಡುತ್ತಿದ್ದಳು, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಮಾತು ಮಾತ್ರ ಒಂದೂ ಇಲ್ಲ. ಅವ್ವನಿಗೆ ಅದರ ಚಿಂತೆಯೇ ಇರಲಿಲ್ಲ. "ನಿಮ್ಮಪ್ಪ ಐದು ವರ್ಷಕ್ಕ ಬಾಯಿ ಬಿಟ್ಟಾಂವ. ಆಮ್ಯಾಲೆ ಮುಚ್ಚಲೇ ಇಲ್ಲ" ಎನ್ನುತ್ತಿದ್ದಳು. ಅವಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಲ್ಕನಿಯಲ್ಲಿ ನಿಂತು, ಕೆಳಗೆ ಹೋಗುವ ಬಸ್ಸು, ನಾಯಿ, ಮಳೆಯ ಕೊಡೆ, ಎಲ್ಲಕ್ಕೂ ಕಥೆ ಕಟ್ಟಿ ಹೇಳುತ್ತಿದ್ದಳು.

ಆದರೆ ಮಗುವಿನ ಬೆಳವಣಿಗೆ ನೋಡಲು ಮನೆಗೆ ಬಂದ ಹೆಲ್ತ್ ವಿಸಿಟರ್ ನರ್ಸು ತುಟಿ ಬಿಗಿದಳು. ನಮ್ಮ ಬಡಾವಣೆಯ ಡಾಕ್ಟರು, ಅಲ್ಲಿ ಜಿಪಿ ಎನ್ನುತ್ತಾರೆ, ಒಂದು ಚೀಟಿ ಬರೆದು ಕಳಿಸಿದರು. ಎರಡು ತಿಂಗಳು ಕಾದ ಮೇಲೆ ಮಕ್ಕಳ ಮನಸ್ಸು ನೋಡುವ ಒಂದು ಕ್ಲಿನಿಕ್ಕಿಗೆ ಕರೆ ಬಂತು. ಅಲ್ಲಿದ್ದವರು ಸಾಮಾನ್ಯ ಡಾಕ್ಟರಲ್ಲ, ಪ್ರೊಫೆಸರು. ಮನಃಶಾಸ್ತ್ರದಲ್ಲಿ ಅವರ ಮಾತೆಂದರೆ ಕೊನೆಯ ಮಾತು, ಮೇಷ್ಟರಾಗುವವರು ಅವರ ಪುಸ್ತಕ ಓದಿಯೇ ಮೇಷ್ಟರಾಗಬೇಕು ಎಂದು ಲೈಬ್ರರಿಯಲ್ಲಿ ನನ್ನ ಮೇಲಿನವರು ಹೇಳಿದರು. ನಮ್ಮ ಅದೃಷ್ಟ ನೋಡಿ ಅವರಿಗೆ ಹೊಟ್ಟೆಕಿಚ್ಚೇ ಆಗಿತ್ತು.

ಆ ಪ್ರೊಫೆಸರು ಕೆಟ್ಟವರಾಗಿರಲಿಲ್ಲ. ಅದೇ ನನಗೆ ನುಂಗಲಾಗದ ತುತ್ತು. ಮೊಣಕೈ ಸವೆದ ಉಣ್ಣೆಯ ಕೋಟು, ಮೆತ್ತನೆಯ ದನಿ. ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತು ನನ್ನ ಮಗಳ ಜತೆ ಮರದ ಇಟ್ಟಿಗೆ ಜೋಡಿಸಿದರು. ಅವಳು ಹೋಗಿ ಅವರ ತೊಡೆಗೆ ಒರಗಿದಳು. ಆಮೇಲೆ ಅವರು ತಲೆಯೆತ್ತಿ, ಮನೆಯಲ್ಲಿ ಮಗುವಿನ ಜತೆ ಅತಿ ಹೆಚ್ಚು ಮಾತಾಡುವವರು ಯಾರು ಎಂದು ಕೇಳಿದರು. ನಾನು ಮೂಲೆಯಲ್ಲಿ ಇಳಕಲ್ ಸೀರೆಯ ಸೆರಗು ಹೊದ್ದು ಕುಳಿತಿದ್ದ ಅವ್ವನನ್ನು ತೋರಿಸಿದೆ. ನನಗೆ ಹೆಮ್ಮೆಯೇ ಇತ್ತು.

ಯಾವ ಭಾಷೆ, ಎಂದರು. ಹೇಳಿದೆ. ಅವರು ತಲೆಯಾಡಿಸಿದರು. ಒಂದು ಮನೆಗೆ ಒಂದೇ ಭಾಷೆ ಇರಬೇಕು, ಎರಡು ಬಾಗಿಲು ತೆರೆದಿಟ್ಟರೆ ಇಂಥ ಮಗು ಯಾವುದರಲ್ಲೂ ಹೋಗದೆ ಹೊಸ್ತಿಲಲ್ಲೇ ನಿಂತುಬಿಡುತ್ತದೆ, ಶಾಲೆಯ ಭಾಷೆ ಇಂಗ್ಲಿಷ್ ಆದ್ದರಿಂದ ಮನೆಯದೂ ಅದೇ ಆಗಲಿ ಎಂದರು. ನಾನೂ ನನ್ನ ಗಂಡನೂ ಇಂಗ್ಲಿಷಿನಲ್ಲೇ ಮಾತಾಡಬೇಕು. ಇಂಗ್ಲಿಷ್ ಬಾರದವರು ಮಗುವಿನ ಎದುರು ಸುಮ್ಮನಿರಬೇಕು.

"ದಯವಿಟ್ಟು ನಿಮ್ಮ ತಾಯಿಗೆ ತಿಳಿಸಿ ಹೇಳಿ" ಎಂದು ನನ್ನತ್ತ ನೋಡಿದರು.

ಗಂಡ ಕೆಲಸಕ್ಕೆ ಹೋಗಿದ್ದ, ಆ ಕೋಣೆಯಲ್ಲಿ ಎರಡೂ ಭಾಷೆ ಬರುತ್ತಿದ್ದವಳು ನಾನೊಬ್ಬಳೇ. ಅವ್ವ ಆಗಲೇ ಕುರ್ಚಿಯ ಅಂಚಿಗೆ ಬಂದು, "ಏನಂತಾರವ್ವಾ ಅವರು? ಕೂಸಿಗೇನಾಗೇತಿ?" ಎಂದು ಕೇಳುತ್ತಿದ್ದಳು. ನಾನು ಹೇಳಿದೆ. ಎಷ್ಟು ಸಕ್ಕರೆ ಹಾಕಿದರೂ ಬೇವು ಬೇವೇ.

"ನಾ ಮಾತಾಡಿದ್ದಕ್ಕ ಕೂಸಿಗೆ ಮಾತು ಬಂದಿಲ್ಲಂತನ?"

"ಹಂಗಲ್ಲವ್ವಾ. ಎರಡೆರಡು ಭಾಷಾ ಕೇಳಿ ತಲಿ ಗೊಂದಲ ಆಕ್ಕೈತಂತ."

"ಹಂಗಾರ ನಂದ ತಪ್ಪು ಅಂತಾತು."

ಪ್ರೊಫೆಸರು ಅವ್ವನ ಕಡೆ ತಿರುಗಿ ಅತ್ಯಂತ ಮರ್ಯಾದೆಯಿಂದ ನಕ್ಕರು. ಅವ್ವ ಅವರಿಗೆ ಕೈ ಮುಗಿದಳು. ಟ್ಯೂಬ್ ರೈಲಿನಲ್ಲಿ ಮನೆ ಸೇರುವತನಕ ಅವಳು ಒಂದು ಮಾತೂ ಆಡಲಿಲ್ಲ. ಮಗಳು ತೊಡೆಯ ಮೇಲೆ ಹತ್ತಿ ಕಿಟಕಿಯಾಚೆ ಬೆರಳು ತೋರಿಸಿ ತೋರಿಸಿ ಸೋತು ಮಲಗಿದಳು.

ಮರುದಿನದಿಂದಲೇ ನಾನೂ ನನ್ನ ಗಂಡನೂ ಮಗಳ ಜತೆ ಇಂಗ್ಲಿಷ್ ಶುರುಮಾಡಿದೆವು. ನಮ್ಮ ಇಂಗ್ಲಿಷ್ ಆಫೀಸಿಗೆ ಸಾಕಾಗುವಂಥದ್ದು, ಮುದ್ದು ಮಾಡಲು ಅದರಲ್ಲಿ ಒಂದು ಪದ ಇರಲಿಲ್ಲ. ಕಮ್, ಈಟ್, ಸ್ಲೀಪ್, ಡೋಂಟ್. ಇಷ್ಟರಲ್ಲಿ ನಾಯಿ ಸಾಕಬಹುದು, ನಾವು ಮಗಳನ್ನು ಸಾಕಿದೆವು. ಅವ್ವ ಮಾತ್ರ ಡಾಕ್ಟರು ಹೇಳಿದ್ದನ್ನು ವ್ರತದ ಹಾಗೆ ಪಾಲಿಸಿದಳು. ಮಗು ಹತ್ತಿರ ಬಂದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಕೆಮ್ಮು ಬಂದರೂ ಬಚ್ಚಲಿಗೆ ಹೋಗಿ ಕೆಮ್ಮಿ ಬರುತ್ತಿದ್ದಳು.

ಮಗುವಿಗೆ ಇದು ಹೇಗೆ ತಿಳಿಯಬೇಕು? ನಿನ್ನೆಯವರೆಗೆ ಬಸ್ಸಿನ ಕಥೆ ಹೇಳುತ್ತಿದ್ದ ಅಜ್ಜಿ ಇವತ್ತು ಮೂಕಿ. ಮೊದಮೊದಲು ಸೀರೆ ಎಳೆದಳು, ಅತ್ತಳು. ಆಮೇಲೊಂದು ಸಂಜೆ ನಾನು ಕೆಲಸ ಮುಗಿಸಿ ಬಂದಾಗ, ಸೋಫಾದ ಮೇಲೆ ಅಜ್ಜಿಯ ಎದೆ ಮೇಲೆ ಹತ್ತಿ ಕುಳಿತು, ಅವಳ ತುಟಿ ಬಿಡಿಸಿ, ಬಾಯೊಳಗೆ ಬೆರಳು ಹಾಕಿ, ಮಾತನ್ನು ಎಳೆದು ತೆಗೆಯಲು ಹೆಣಗುತ್ತಿದ್ದಳು. ಅವ್ವ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂತಿದ್ದಳು. ನಾನು ಓಡಿಹೋಗಿ ಮಗುವನ್ನು ಎತ್ತಿಕೊಂಡು "ನೋ, ನೋ" ಎಂದೆ. ಆ ಹೊತ್ತಿಗೆ ನನ್ನ ಬಾಯಿಗೂ ಬಂದದ್ದು ಅಷ್ಟೇ.

ಆರು ತಿಂಗಳಿಗೆಂದು ಬಂದ ಅವ್ವ ಮೊದಲೇ ಹೊರಟು ನಿಂತಳು. "ನಾ ಇದ್ದಷ್ಟು ದಿನ ಕೂಸಿಗೆ ನಂಜು" ಎಂದಳು. ಧಾರವಾಡಕ್ಕೆ ಹೋದ ಮೇಲೆ ಖಾನಾವಳಿಯಲ್ಲಿ ಎಂದಿನಂತೆ ಮಾತಾಡಿದಳಂತೆ, ಆದರೆ ಎಳೆ ಮಕ್ಕಳ ಮುಂದೆ ಬಾಯಿ ತೆರೆಯಲಿಲ್ಲ. ಅಣ್ಣನಿಗೆ ಗಂಡು ಮಗು ಹುಟ್ಟಿದಾಗ ತೊಟ್ಟಿಲ ಹತ್ತಿರ ಹೋಗಿ ಹೆಸರು ಕರೆಯಲು ಒಪ್ಪಲಿಲ್ಲ. ತೊಟ್ಟಿಲಲ್ಲಿ ಹಾಕುವ ದಿನ ಮನೆತುಂಬ ನೆಂಟರು, ಹಿರಿಯಳಾದ ಇವಳು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಳು ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. ನನ್ನನ್ನೇ ಕುಟುಕಲೆಂದು ಹೇಳಿದ್ದು, ಕುಟುಕಿತು.

ಇತ್ತ ಮಗಳು ಐದರ ಹೊತ್ತಿಗೆ ಮಾತಾಡಿದಳು, ಇಂಗ್ಲಿಷಿನಲ್ಲಿ. ಅವರಪ್ಪನ ಕಡೆಯವರು, ನನ್ನ ಕಡೆಯವರು, ಲೈಬ್ರರಿಯವರು ಎಲ್ಲ ಸೇರಿ ಪ್ರೊಫೆಸರನ್ನು ಹೊಗಳಿದ್ದೇ ಹೊಗಳಿದ್ದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಅಜ್ಜನಂತೆ ಐದಕ್ಕೆ ಬಾಯಿ ಬಿಟ್ಟಿತು ಎಂದು ಅವ್ವ ಹೇಳಬಹುದಿತ್ತು. ಹೇಳಲಿಲ್ಲ. ಅವಳೂ ಡಾಕ್ಟರ ಗುಣವನ್ನೇ ಹಾಡಿದಳು.

ಮಗಳು ಶಾಲೆಯಲ್ಲಿ ಪಟಪಟ ಮಾತಾಡತೊಡಗಿದ ಮೇಲೆ ನಾನು ಫೋನಿನಲ್ಲಿ, "ಅವ್ವಾ, ಇನ್ನ ಹೆದರಬ್ಯಾಡ. ಆಕಿ ಕೂಡ ಒಂದೀಟು ಮಾತಾಡು" ಎಂದೆ.

"ಬ್ಯಾಡವ್ವಾ. ಬಂದ ಮಾತು ಹೋದ್ರ ಯಾರ್ ತಂದಕೊಡ್ತಾರ?"

"ಏನೂ ಆಗೂದಿಲ್ಲ. ನಾ ಹೇಳ್ತೀನಲ್ಲ."

"ನೀ ಏನ್ ಡಾಕ್ಟರೇನು? ಯಾರು ಬ್ಯಾಡ ಅಂದ್ರಲ್ಲ, ಅವರ ಬಾಯಿಲೆ ಹೂಂ ಅನಸು. ಅವತ್ತ ಮಾತಾಡ್ತೀನಿ."

ಅದೇ ಅವಳ ಷರತ್ತಾಯಿತು. ನಾನು ಕ್ಲಿನಿಕ್ಕಿಗೆ ಫೋನು ಮಾಡಿದೆ. ಪ್ರೊಫೆಸರು ನಿವೃತ್ತರಾಗಿದ್ದಾರೆ, ನಿಮ್ಮ ಮಗುವಿನ ವಿಷಯ ಮುಗಿದಿದೆ ಎಂದರು. ಮತ್ತೆ ಮತ್ತೆ ಮಾಡಿದೆ, ಅದೇ ಉತ್ತರ. ವರ್ಷಗಳು ಹೋದವು. ನಾವು ಪಿನ್ನರ್‌ಗೆ ಮನೆ ಬದಲಿಸಿದೆವು. ಭಾನುವಾರ ಫೋನ್ ಕಾರ್ಡಿನ ಮೇಲಿನ ಬೂದು ಪಟ್ಟಿ ಕೆರೆದು ನಂಬರ್ ಒತ್ತಿದರೆ ಅವ್ವನ ಮೊದಲ ಮಾತು "ಕೂಸು ಹೆಂಗೈತಿ?" ಎರಡನೆಯದು "ಆಕಿ ಕೈಯಾಗ ಫೋನ್ ಕೊಡಬ್ಯಾಡ ಮತ್ತ." ಊರಿಗೆ ಹೋದಾಗಲೂ ಹಾಗೆಯೇ, ಮೊಮ್ಮಗಳಿಗೆ ತಿನ್ನಿಸುವಳು, ತಲೆ ಬಾಚುವಳು, ಮಾತಿಲ್ಲ. ಮಗಳು ಅಜ್ಜಿಯನ್ನು ಮುಂಗೋಪದ ಮುದುಕಿ ಎಂದುಕೊಂಡಳು. ನಾನು ನಡೆದದ್ದನ್ನು ಹೇಳಲು ಹೋದರೆ, "ಮಮ್, ನನ್ನಿಂದ ಇಷ್ಟೆಲ್ಲ ಆಯಿತು ಅಂತ ನನಗೇ ಹೇಳಬೇಡ" ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹಾಗಾಗಿ ಅದನ್ನೂ ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಗ ನಾನು ಉತ್ತರ ಲಂಡನ್ನಿನ ಒಂದು ಲೈಬ್ರರಿಯಲ್ಲಿದ್ದೆ. ಅಲ್ಲಿ ನನಗೊಬ್ಬಳು ಗೆಳತಿ ಸಿಕ್ಕಳು. ನಿವೃತ್ತ ಶಾಲಾ ಟೀಚರು, ಯಹೂದಿ, ನಾಲಿಗೆ ನಮ್ಮ ಅವ್ವನಷ್ಟೇ ಹರಿತ. "ನಾವು ದೇವರನ್ನು ಬಿಟ್ಟಿದ್ದೇವೆ, ಅಡುಗೆಯನ್ನು ಬಿಟ್ಟಿಲ್ಲ" ಎಂದು ನಗುತ್ತಿದ್ದಳು. ಅವಳಂತೆ ದೇವರನ್ನು ಬಿಟ್ಟ ಯಹೂದಿಗಳದೊಂದು ಬಳಗವಿತ್ತು. ಹಬ್ಬ ಮಾಡುತ್ತಿದ್ದರು, ಪ್ರಾರ್ಥನೆ ಮಾಡುತ್ತಿರಲಿಲ್ಲ. ಅಜ್ಜಿಯಂದಿರ ಯಿಡ್ಡಿಷ್ ಭಾಷೆಯನ್ನು ಮೊಮ್ಮಕ್ಕಳಿಗೆ ಕಲಿಸುತ್ತಿದ್ದರು. ಆ ಭಾಷೆ ಆಡುವವರನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಹುಡುಕಿ ಹುಡುಕಿ ಕೊಂದಿದ್ದರು, ಅದಕ್ಕೇ ಒಂದೊಂದು ಪದವೂ ಅವರಿಗೆ ಜೀವ. ಇದೆಲ್ಲ ನನಗೆ ಬಹಳ ಹಿಡಿಸಿತ್ತು, ಸುಳ್ಳು ಹೇಳಲಾರೆ.

ವರ್ಷಕ್ಕೊಮ್ಮೆ ಆ ಬಳಗ ಒಬ್ಬ ವಿದ್ವಾಂಸರನ್ನು ಕರೆದು ಗೌರವಿಸುತ್ತಿತ್ತು. ಆ ಸಲ ನಮ್ಮ ಪ್ರೊಫೆಸರು. ಗೆಳತಿ ಕೌಂಟರಿಗೆ ಓಡಿಬಂದಳು. "ನಿನ್ನ ಮಗಳನ್ನು ನೋಡಿದವರು ಅವರೇ ಅಲ್ಲವೇ? ನಮ್ಮವರೇ ಅವರು! ನೀವಿಬ್ಬರೂ ಬರಲೇಬೇಕು, ಮುಂದೆ ಕೂರಿಸುತ್ತೇನೆ."

ನಮ್ಮ ಲಂಡನ್ ಕನ್ನಡದವರ ಸನ್ಮಾನವೆಂದರೆ ಶಾಲು, ಹಾರ, ಮುಗಿಯದ ಭಾಷಣ, ಆರಿದ ಬಿಸಿಬೇಳೆಬಾತ್. ಅವರದು ಬೇರೆ ಥರ ಎಂದಳು ಗೆಳತಿ. ಶಾಲಿಲ್ಲ, ಹೊಗಳಿಕೆಗೆ ಅವಕಾಶವೇ ಇಲ್ಲ. ಬಂದವರು ಪ್ರಶ್ನೆ ಕೇಳಬೇಕು, ಒಬ್ಬರಿಗೆ ಒಂದೇ ಪ್ರಶ್ನೆ. ಗೌರವಿಸಿಕೊಳ್ಳುವವರು ನಿಂತುಕೊಂಡು ಒಂದನ್ನೂ ಬಿಡದೆ ಉತ್ತರಿಸಬೇಕು. ಅಲ್ಲಿಯವರೆಗೆ ಜಡೆಯಂತೆ ಹೆಣೆದ ಹಬ್ಬದ ಬ್ರೆಡ್ಡು ಬಟ್ಟೆಯಡಿ ಮುಚ್ಚಿಯೇ ಇರುತ್ತದೆ. "ಅವರು ಯಾವುದಕ್ಕಾದರೂ 'ನಾನು ತಪ್ಪು ಮಾಡಿದೆ' ಎಂದರೆ ಇಡೀ ಸಭೆ ಎದ್ದು ನಿಲ್ಲುತ್ತದೆ" ಎಂದಳು. "ದೇವರಿಗೆ ಎದ್ದು ನಿಲ್ಲುವುದನ್ನು ನಾವು ಬಿಟ್ಟೆವು. ಇದಕ್ಕೆ ನಿಲ್ಲುತ್ತೇವೆ."

ನನಗೆ ಬೇಕಿದ್ದದ್ದು ಆ ಒಂದು ಪ್ರಶ್ನೆ. ಅವ್ವನಿಗೆ ಆಗ ಎಪ್ಪತ್ತರ ಮೇಲಾಗಿತ್ತು. ಅವರ ಬಾಯಿಂದ ಒಂದು ಮಾತು ಹೊರಡಿಸಿದರೆ ಅದನ್ನು ಹಾಗೇ ಧಾರವಾಡಕ್ಕೆ ಮುಟ್ಟಿಸಬಹುದು. ರೇಷ್ಮೆ ಸೀರೆ ಉಟ್ಟುಕೊಂಡು, ಹದಿನೇಳರ ಮಗಳನ್ನು ಕರೆದುಕೊಂಡು ಹೋದೆ.

ಸಭೆ ತುಂಬಿತ್ತು. ಮೊದಲು ಚಿಕ್ಕ ಮಕ್ಕಳು ಸಾಲಾಗಿ ನಿಂತು ಯಿಡ್ಡಿಷ್ ಹಾಡು ಹೇಳಿದರು. ಮುದುಕಿಯರು ಕಣ್ಣೊರೆಸಿಕೊಂಡರು. ಗೆಳತಿ ವೇದಿಕೆಯ ಮೇಲೆ, "ಅಜ್ಜಿಯ ಭಾಷೆ ಮಗುವಿನ ಬಾಯಲ್ಲಿ ಕೇಳಿದ ಮೇಲೆ ನಮಗೆ ಬೇರೆ ಸ್ವರ್ಗ ಬೇಡ" ಎಂದಳು. ಪ್ರೊಫೆಸರೂ ಮನಸಾರೆ ತಲೆದೂಗಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ತಲೆದೂಗುವಿಕೆಗೆ ಎದ್ದುಹೋಗಿ ಒಂದು ಬಾರಿಸಬೇಕು ಅನ್ನಿಸಿತು.

ಪ್ರಶ್ನೆಗಳು ಶುರುವಾದವು. ನೆನಪಿನ ಬಗ್ಗೆ, ಕನಸಿನ ಬಗ್ಗೆ, ಶಾಲೆಗಳ ಬಗ್ಗೆ. ಅವರು ಬಗ್ಗಿದ ಬೆನ್ನಿನಲ್ಲಿ, ಮೇಜು ಹಿಡಿದುಕೊಂಡು, ನಗಿಸುತ್ತ ಉತ್ತರಿಸಿದರು. ನಾನು ಕೈಯೆತ್ತಿದೆ. ಗೆಳತಿಯ ಮುಖ ಅರಳಿತು.

"ಹದಿನಾಲ್ಕು ವರ್ಷದ ಹಿಂದೆ, ಮನೆಯಲ್ಲಿ ನಮ್ಮ ಭಾಷೆ ನಿಲ್ಲಿಸಿ ಎಂದು ನೀವು ಹೇಳಿದಿರಿ" ಎಂದೆ. "ನನ್ನ ತಾಯಿಗೆ ಬರುವುದು ಅದೊಂದೇ. ಅವತ್ತಿನಿಂದ ಇವತ್ತಿನವರೆಗೆ ಅವಳು ಮೊಮ್ಮಗಳ ಜತೆ ಒಂದು ಮಾತು ಆಡಿಲ್ಲ. ಅದು ಬೇಕಿತ್ತೇ?"

ಅವರು ಕನ್ನಡಕ ತೆಗೆದರು.

"ಬೇಕಿರಲಿಲ್ಲ" ಎಂದರು. "ನಾನು ಚಿಕ್ಕವನಿದ್ದಾಗ, ಯುದ್ಧಕ್ಕೆ ಸ್ವಲ್ಪ ಮೊದಲು, ಅಮ್ಮನನ್ನು ಬಿಟ್ಟು ಒಬ್ಬನೇ ಈ ದೇಶಕ್ಕೆ ಬಂದೆ. ಅಮ್ಮನ ಭಾಷೆಯನ್ನು ನಾನೇ ಮರೆತೆ. ಮರೆತದ್ದರಿಂದಲೇ ಉಳಿದೆ ಎಂದು ನಂಬಿದ್ದೆ. ನನಗೆ ಆದದ್ದನ್ನೇ ಶಾಸ್ತ್ರ ಎಂದುಕೊಂಡು ಎಲ್ಲ ತಾಯಂದಿರಿಗೂ ಹೇಳಿದೆ. ನೀವು ಬಂದುಹೋದ ಒಂದೆರಡು ವರ್ಷದಲ್ಲೇ ಅದು ಸುಳ್ಳೆಂದು ನನಗೆ ಖಚಿತವಾಯಿತು. ಹಾಗೆ ಹೇಳುವುದನ್ನು ಬಿಟ್ಟೆ. ನಾನು ತಪ್ಪು ಮಾಡಿದೆ."

ಕುರ್ಚಿಗಳು ಸರಿದ ಸದ್ದಾಯಿತು. ಸಭೆಗೆ ಸಭೆಯೇ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಕೆಲವರು ಅಳುತ್ತಿದ್ದರು, ಆ ಒಂಟಿ ಹುಡುಗನಿಗಾಗಿ. ನನಗೂ ಆ ಹುಡುಗನ ಬಗ್ಗೆ ಮರುಕವಾಯಿತು, ಯಾಕಾಗಬಾರದು. ಆದರೆ ಅವರ ಗಾಯ ಅವರದು. ನನ್ನ ಅವ್ವನ ಬಾಯಿಗೆ ಯಾಕೆ ಹೊಲಿಗೆ ಹಾಕಬೇಕಿತ್ತು? ಪಕ್ಕಕ್ಕೆ ತಿರುಗಿದರೆ ನನ್ನ ಮಗಳೂ ಎದ್ದು ನಿಂತು, ಹೊಳೆಯುವ ಕಣ್ಣಿನಿಂದ ಅವರನ್ನೇ ನೋಡುತ್ತ ಚಪ್ಪಾಳೆ ತಟ್ಟುತ್ತಿದ್ದಳು. ಕುಳಿತಿದ್ದವಳು ನಾನೊಬ್ಬಳೇ.

ಚಪ್ಪಾಳೆ ಇಳಿದಾಗ ನಾನು ಎದ್ದು, "ಗೊತ್ತಾದ ಮೇಲೆ ನಮಗೇಕೆ ಹೇಳಿ ಕಳಿಸಲಿಲ್ಲ?" ಎಂದು ಕೇಳಿದೆ. ಗೆಳತಿ ವೇದಿಕೆಯಿಂದಲೇ ಬೆರಳೆತ್ತಿ, ಮುದ್ದು ಮಾಡುವಂತೆ, "ಒಬ್ಬರಿಗೆ ಒಂದೇ ಪ್ರಶ್ನೆ!" ಎಂದಳು. ಎಲ್ಲರೂ ನಕ್ಕರು. ಪ್ರೊಫೆಸರು ನನ್ನ ಮಗಳ ಕಡೆ ನೋಡಿ ನಗುತ್ತ ಕನ್ನಡಕ ಹಾಕಿಕೊಂಡರು. ಮುಂದಿನ ಪ್ರಶ್ನೆ ಬೇರೆ ಯಾರದೋ, ನಿದ್ರೆಯ ಬಗ್ಗೆ.

ಬ್ರೆಡ್ಡು ಮುರಿದ ಮೇಲೆ ಗೆಳತಿ ನನ್ನನ್ನು ಬಿಗಿದಪ್ಪಿಕೊಂಡಳು. "ಇಷ್ಟು ವರ್ಷದ ಸಭೆಗಳಲ್ಲಿ ಇವತ್ತಿನದೇ ಶ್ರೇಷ್ಠ. ಅವರಿಗೆ ಎಂಥ ಉಡುಗೊರೆ ಕೊಟ್ಟೆ ನೀನು!" ಎಂದಳು. ನಿಜವಾಗಿ ಸಂತೋಷಪಟ್ಟಿದ್ದಳು. ನಾನು ಅವಳ ಕೈ ಬಿಡಿಸಿಕೊಂಡು ಕೋಟು ಹುಡುಕಲು ಹೋದೆ. ಅಂದಿನಿಂದ ಅವಳ ಜತೆ ನನ್ನ ಸ್ನೇಹ ಮೊದಲಿನಂತಿಲ್ಲ. ಅವಳಿಗೆ ಕಾರಣ ಗೊತ್ತಿಲ್ಲ, ನಾನು ಹೇಳಿಲ್ಲ.

ಆದರೂ ನನಗೆ ಬೇಕಾದ ಮಾತು ಸಿಕ್ಕಿತ್ತಲ್ಲ. ಮಾರನೆಯ ಬೆಳಿಗ್ಗೆ ಧಾರವಾಡಕ್ಕೆ ಫೋನು ಹಚ್ಚಿದೆ. ಮಗಳು ಪಕ್ಕದಲ್ಲೇ ನಿಂತಿದ್ದಳು. ಆ ಸಭೆ ಅವಳ ಮೇಲೆ ಪರಿಣಾಮ ಮಾಡಿತ್ತು, ಅಜ್ಜಿಯ ಜತೆ ಮಾತಾಡುತ್ತೇನೆಂದು ಅವಳೇ ಹೇಳಿದ್ದಳು. ಅವಳಿಗೆ ಕನ್ನಡ ಒಂದೆರಡು ಪದ ಬಿಟ್ಟರೆ ಬರುತ್ತಿರಲಿಲ್ಲ, ಆದರೂ ಅವ್ವನ ಮಾತು ಕಿವಿಗೆ ಬೀಳಲಿ ಎಂದುಕೊಂಡೆ.

"ಅವ್ವಾ, ಡಾಕ್ಟರ ಹೂಂ ಅಂದ್ರು. ನೀ ಮಾತಾಡಬಹುದು. ನಿನ್ನಿಂದ ಏನೂ ಆಗಿಲ್ಲ."

"ಖರೇನಾ? ಅವರ ಬಾಯಿಲೆ ಅಂದ್ರಾ?"

"ಅವರ ಬಾಯಿಲೆನ. ತಪ್ಪು ಮಾಡಿದ್ನಿ ಅಂದ್ರು, ಎಲ್ಲಾರ ಮುಂದ."

"ತಪ್ಪು ಅಂತ ಯಾವಾಗ ಗೊತ್ತಾತಂತ?"

ನಾನು ಸುಳ್ಳು ಹೇಳಬಹುದಿತ್ತು. "ನೀ ಊರಿಗೆ ಹೋದ ಒಂದೆರಡು ವರ್ಷಕ್ಕ" ಎಂದೆ.

"ಮತ್ತ ಅಲ್ಲಿ ಕುಂತ ಮಂದಿ ಏನಂದ್ರು?"

"ಎದ್ದು ನಿಂತು ಚಪ್ಪಾಳಿ ಹೊಡದ್ರು."

"ಹೂಂ" ಎಂದಳು ಅವ್ವ. ಹಿಂದೆ ಖಾನಾವಳಿಯ ತಾಟುಗಳ ಸದ್ದು ಕೇಳುತ್ತಿತ್ತು. "ಕೂಸಿನ ಕೈಯಾಗ ಕೊಡು."

ಮಗಳು ಫೋನು ಕಿವಿಗಿಟ್ಟುಕೊಂಡಳು. ಅವ್ವನ ದನಿ ದೊಡ್ಡದು, ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಗುಡ್ ಮಾರ್ನಿಂಗ್" ಎಂದಳು ಅವ್ವ. "ಹೌ ಆರ್ ಯೂ? ಐ ಆ್ಯಮ್ ಫೈನ್. ಸ್ಟಡಿ ವೆಲ್. ಈಟ್ ವೆಲ್. ಗಾಡ್ ಬ್ಲೆಸ್ ಯೂ."

ಮಗಳ ಮುಖ ಅರಳಿತು. ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಅತ್ತಲಿಂದ ಮತ್ತೆ ಅದೇ ಐದಾರು ವಾಕ್ಯ, ಅದೇ ಕ್ರಮದಲ್ಲಿ. ನಾನು ಫೋನು ಕಸಿದುಕೊಂಡೆ.

"ಅವ್ವಾ, ಕನ್ನಡದಾಗ ಮಾತಾಡು ಅಂದ್ನಲ್ಲ! ಇದನ್ನೆಲ್ಲ ಎಲ್ಲಿ ಕಲತಿ?"

"ಊಟಕ್ಕ ಬರೂ ಹುಡುಗೂರು ಕಲಿಸ್ಯಾವ. ಭಾಳ ವರ್ಷಾತು. ಎಂದಾರ ಬೇಕಾದೀತು ಅಂತ ಇಟಗೊಂಡಿದ್ದೆ."

"ಆದ್ರ ಡಾಕ್ಟರ ಹೂಂ ಅಂದಾರಲ್ಲವ್ವಾ. ನಿಂದ ಭಾಷಾ ಆಡು."

"ಆಗ ಒಂದು ಅಂದ್ರು, ಈಗ ಒಂದು ಅಂತಾರ. ನಾಳೆ ಮತ್ತ ಇದೂ ತಪ್ಪು ಅಂದ್ರ? ಅವರಿಗೇನು, ಚಪ್ಪಾಳಿ ಬೀಳತಾವ. ಕೂಸಿನ ಮ್ಯಾಲ ಪರೀಕ್ಷಾ ಬ್ಯಾಡ. ಇಡು, ಪಂಕ್ತಿ ಕುಂತೈತಿ" ಎಂದು ಫೋನು ಇಟ್ಟಳು.

ನಾನು ರಿಸೀವರ್ ಹಿಡಿದುಕೊಂಡು ನಿಂತೇ ಇದ್ದೆ. ಮಗಳು ಅದನ್ನು ನನ್ನ ಕೈಯಿಂದ ತೆಗೆದು ಅದರ ಜಾಗದಲ್ಲಿಟ್ಟಳು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು, "ಮಮ್, ಅಜ್ಜಿಗೆ ಇಂಗ್ಲಿಷ್ ಬರುತ್ತಲ್ಲ. ಇಷ್ಟು ವರ್ಷ ನಮ್ಮಿಬ್ಬರನ್ನು ನೀನು ಮಾತಾಡಗೊಡಲಿಲ್ಲ ಯಾಕೆ?"